ಒಂದು ನಮೂನೆ

ಆಲ್ದೂರು ದಾಟಿ ಮೂರು ಮೈಲಿ. ರೊಬಸ್ಟಾ ಕೊಯ್ಲಿನ ಮೂರನೇ ವಾರ.
ಲೈನ್ ಮನೆಯ ಮುಂದೆ ಗೋಣಿಚೀಲ ಹಾಸಿ
ಕೂರಿಸಿದರು ನನ್ನನ್ನು.
ಕೈಯಲ್ಲಿ ನಮೂನೆ ನೂರಾ ಹದಿನೇಳು,
ಹತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಚೌಕ.

ಜಮುನಾಬಾಯಿ, ಇಪ್ಪತ್ತೆರಡು, ಎರಡನೇ ಹೆರಿಗೆ.
ಕೂಸಿಗೆ ಇಪ್ಪತ್ತಾರು ದಿನ.
ಹದಿನೆಂಟನೇ ದಿನಕ್ಕೇ ಹಣ್ಣು ಕೊಯ್ಯಲು ಇಳಿದಳು,
ಕಿಲೋಗೆ ಐದು ರೂಪಾಯಿ.
ಎರಡು ಮರದ ನಡುವೆ ಸೀರೆಯ ಜೋಳಿಗೆ. ಅದರಲ್ಲಿ ಕೂಸು,
ಅಳುವ ಹೊತ್ತು ಕಳೆದು ಸುಮ್ಮನಾಗಿದೆ.

ತಾಯಿ ಕಾರ್ಡು ತಂದಳು,
ಮೂರು ಪ್ಲಾಸ್ಟಿಕ್ ಕವರು ಬಿಚ್ಚಿ.
ರಕ್ತ ಎಂಟು ಪಾಯಿಂಟ್ ನಾಲ್ಕು. ತೂಕ ನಲವತ್ತೊಂದು.
ಕಬ್ಬಿಣದ ಮಾತ್ರೆ ಕೊಟ್ಟದ್ದಕ್ಕೆ ಸಹಿ ಇದೆ.
ಇಲ್ಲಿನ ಆಶಾ ಅನ್ನುತ್ತಾಳೆ, ಅವಳ ಹೆಸರು ಅರಸೀಕೆರೆ ಪಟ್ಟಿಯಲ್ಲಿದೆ.
ಅಲ್ಲಿನವಳು ಅನ್ನುತ್ತಾಳೆ, ಅವಳೀಗ ಅಲ್ಲೇ ಇದ್ದಾಳಲ್ಲ.

ಕನ್ನಡ ಬರುತ್ತದೆ ಅವಳಿಗೆ:
ಸಂತೆಯ ಕನ್ನಡ, ಬಸ್ಸಿನ ಕನ್ನಡ,
ರೈಟರು ತೂಕ ಕಡಿಮೆ ಬರೆದರೆ
ಜಗಳ ಕಾಯುವಷ್ಟು ಕನ್ನಡ.
ಈ ಹತ್ತು ಪ್ರಶ್ನೆಯ ಕನ್ನಡ ನನಗೂ ಬರುತ್ತಿರಲಿಲ್ಲ,
ಚಿಕ್ಕಮಗಳೂರಿನಲ್ಲಿ ಎರಡು ದಿನ, ಊಟ ಕೊಟ್ಟು ಕಲಿಸಿದರು.
"ಕಳೆದ ವಾರದಲ್ಲಿ ತಮಗೆ ಖಿನ್ನತೆಯ ಭಾವನೆ..."
ಯಾರ ಮನೆಯ ಒಲೆ ಮುಂದೆ
ಯಾರು ಅಂದಿದ್ದಾರೆ ಖಿನ್ನತೆ ಅಂತ?

ಹಾಗಾಗಿ ಭಾವನ ಮಗಳು ರೋಜಾ ನಡುವೆ ಬಂದಳು.
ಮೂರನೇ ಕ್ಲಾಸು. ಶಾಲೆ ಅಲ್ಲಿ ತಾಂಡದಲ್ಲಿ,
ಅವಳು ಇಲ್ಲಿ, ಕೂಸು ನೋಡಿಕೊಳ್ಳಲಿಕ್ಕೆ.
ನಾನು ಕೇಳಿದ್ದನ್ನು ಲಂಬಾಣಿಗೆ ಹಾಕಿ,
ಬಂದದ್ದನ್ನು ಕನ್ನಡಕ್ಕೆ ಹಾಕಿ,
ಲೆಕ್ಕ ಒಪ್ಪಿಸುವವಳ ಹಾಗೆ ನಿಂತು ಹೇಳಿದಳು.

ನಿದ್ದೆ? ಕೂಸು ಮಲಗಿದರೂ ಬರಲ್ಲಂತೆ.
ಹೆದರಿಕೆ? ಸಂಜೆ. ತೂಕ ಹಾಕುವ ಹೊತ್ತಿಗೆ.
ನಗು?
ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕುಬಿಟ್ಟರು.
ಯಾವ ಚೌಕಕ್ಕೆ ಗೆರೆ ಎಳೆಯಲಿ?

ಆರನೆಯದಕ್ಕೆ ಜಮುನಾ ತಾನೇ ಬಾಯಿ ಬಿಟ್ಟಳು:
"ಒಂದು ನಮೂನೆ ಆಗ್ತದಕ್ಕಾ."
ಆ ಮಾತು ಇಲ್ಲಿಗೆ ಬಂದ ಮೇಲೆ ಕಲಿತದ್ದು.
ಎಂಥ ನಮೂನೆ?
"ಮೈಯೊಳಗೆ ಯಾರೋ ಅಗಳಿ ಹಾಕ್ಕೊಂಡು ಕೂತವ್ರೆ.
ಹಾಲು ಬರ್ತದೆ, ನಾನು ಬರಲ್ಲ."

ಹತ್ತನೆಯದನ್ನು ಮಗುವಿನ ಬಾಯಲ್ಲಿ ಹೇಗೆ ಇಡಲಿ?
ಸುತ್ತಿ ಬಳಸಿ ಕೇಳಿದೆ:
ಎಲ್ಲಾ ಬಿಟ್ಟು ಹೋಗಿಬಿಡೋಣ ಅನಿಸಿದೆಯಾ ಕೇಳು.
ರೋಜಾ ಕೇಳಿದಳು. ಜಮುನಾ
ಜೋಳಿಗೆಯ ಕಡೆ ನೋಡುತ್ತ ಏನೋ ಅಂದಳು.
"ದಿನಾ ಅನ್ಸುತ್ತಂತೆ. ಅರಸೀಕೆರೆ ಬಸ್ಸು
ಎಷ್ಟೊತ್ತಿಗೆ ಅಂತ ಕೇಳ್ತಾಳೆ."

ಪೆನ್ನು ನಿಂತಿತು. ಸೊನ್ನೆಯೋ, ಮೂರೋ?
ನನ್ನ ಬಾಣಂತನದಲ್ಲಿ ಎಣ್ಣೆಯಿತ್ತು, ಹಂಡೆಯಿತ್ತು,
ಬೆಳ್ಳುಳ್ಳಿ ಸಾರಿತ್ತು, ಅಮ್ಮ ಇದ್ದಳು.
ಆದರೂ ಬಚ್ಚಲ ಹೊಗೆಯಲ್ಲಿ ಕೂತು ಅತ್ತಿದ್ದೇನೆ, ಕಣ್ಣುರಿ ಅಂದುಕೊಂಡು.
ಯಾರಾದರೂ ಕೇಳಿದ್ದರೆ
ಅಚ್ಚ ಕನ್ನಡದಲ್ಲಿ ಸುಳ್ಳು ಹೇಳುತ್ತಿದ್ದೆ.

ದಿಬ್ಬ ಹತ್ತಿ ಫೋನು ಮಾಡಿದೆ, ಅಲ್ಲಿ ಮಾತ್ರ ಸಿಗ್ನಲ್ಲು.
"ಸೀಸನ್ನಿಗೆ ಬಂದವರಾ? ಅಯ್ಯೋ,
ಒಂದೇ ಊರಲ್ಲಿ ಆರು ತಿಂಗಳು ಇರಬೇಕಲ್ಲ ಮೇಡಂ.
ಅನರ್ಹ ಅಂತ ಬರೆದು ಮುಂದಿನ ಮನೆ ನೋಡಿ."
ಇಲ್ಲಿ ಮೂರೂವರೆ ತಿಂಗಳು, ಆಮೇಲೆ ಮಂಡ್ಯದ ಕಬ್ಬು,
ಮಿಕ್ಕಿದ್ದು ತಾಂಡ.
ಎಲ್ಲಿಯೂ ಆರು ತಿಂಗಳಿಲ್ಲದವಳ ದುಃಖ
ಯಾವ ತಾಲ್ಲೂಕಿಗೆ ಸೇರಬೇಕು?

ಬರೆಯಲಿಲ್ಲ. ಬರೆದೆ ಅಂದರೂ ತಪ್ಪಲ್ಲ:
ತಾಯಿ ಕಾರ್ಡಿನ ಹಿಂದೆ, ಖಾಲಿ ಜಾಗದಲ್ಲಿ,
ಜಿಲ್ಲಾಸ್ಪತ್ರೆ, ಮನಸ್ಸಿನ ಡಾಕ್ಟರು, ಮಂಗಳವಾರ, ಹತ್ತರಿಂದ ಒಂದು.
ನನ್ನ ನಂಬರು.
ಮಂಗಳವಾರದ ಕೂಲಿ ಹೋಗುತ್ತದೆ ಎಂದು
ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಎದ್ದಾಗ ರೋಜಾ ಸೆರಗು ಜಗ್ಗಿದಳು:
"ನಂಗೆ ಪ್ರಶ್ನೆ ಇಲ್ವಾ ಅಕ್ಕಾ?"

ನೂರಾ ಹದಿನೇಳು ಇನ್ನೂ ನನ್ನ ಬ್ಯಾಗಿನಲ್ಲಿದೆ,
ಒಂಬತ್ತು ಗೆರೆ, ಒಂದು ಖಾಲಿ ಸಾಲು.
ನಾಳೆ ಸೋಮವಾರ.
ಬಸ್ಸಿನ ಹೊತ್ತು ಮಾತ್ರ ವಿಚಾರಿಸಿಕೊಂಡೆ,
ಹೋಗಲಿಕ್ಕಲ್ಲ, ಬರಲಿಕ್ಕೆ.